ನಿಧಾನಣ್ಣನ ವೇಗ

ನಮ್ಮ ಶಾಲೆಯ ಮೂರನೇ ನಂಬರ್ ಬಸ್ಸಿನ ಡ್ರೈವರಿಗೆ ಮಕ್ಕಳು ಇಟ್ಟ ಹೆಸರು ನಿಧಾನಣ್ಣ. ಯಾರು ಇಟ್ಟರು, ಯಾವಾಗ ಇಟ್ಟರು ಎನ್ನುವುದು ಯಾರಿಗೂ ನೆನಪಿಲ್ಲ. ನಾನು ಇಲ್ಲಿ ವಿಜ್ಞಾನದ ಟೀಚರಾಗಿ ಸೇರಿದ ದಿನವೇ ಆ ಹೆಸರು ಕಿವಿಗೆ ಬಿದ್ದಿತ್ತು. ಹದಿನಾಲ್ಕು ವರ್ಷವಾದರೂ ಅವರ ನಿಜವಾದ ಹೆಸರು ಹೇಳಬೇಕಾದಾಗ ನಾನು ತಡವರಿಸುತ್ತೇನೆ. ಅವರಿಗೂ ಅದರಿಂದ ಬೇಸರವಿಲ್ಲ. "ಕರೀಲಿ ಬಿಡಿ ಮೇಡಂ, ಇರೋದನ್ನೇ ತಾನೆ ಹೇಳ್ತಿರೋದು" ಅನ್ನುತ್ತಾರೆ. ಆ ಒಂದು ಮಾತನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನಂಥ ದುಡುಕಿನವಳು ಎರಡು ಮೆಟ್ಟಿಲು ಹತ್ತಿರುತ್ತಾಳೆ.

ಅಂಥ ಮನುಷ್ಯರನ್ನು, ಬಸ್ಸನ್ನು ವೇಗವಾಗಿ ಓಡಿಸಿದರು ಎಂಬ ಆರೋಪದ ಮೇಲೆ ಸ್ಟಿಯರಿಂಗ್ ಬಿಡಿಸಿ ಕುರ್ಚಿಯ ಮೇಲೆ ಕೂರಿಸಿದ ಪುಣ್ಯಾತ್ಗಿತ್ತಿ ನಾನೇ. ಈಗ ಅದನ್ನು ನೆನೆದರೆ ನಗು ಬರುತ್ತದೆ. ಆ ವಾರ ಮಾತ್ರ ನನಗೆ ಅನ್ನ ಸೇರಿರಲಿಲ್ಲ.

ಮೊದಲು ಅವರ ನಿಧಾನದ ವಿಷಯ ಹೇಳಿಬಿಡುತ್ತೇನೆ. ಅದು ಕಸುಬಿನಿಂದ ಬಂದದ್ದು. ಶಾಲೆಗೆ ಬರುವ ಮೊದಲು ಹನ್ನೊಂದು ವರ್ಷ ಅವರು ಗಾಜಿನ ಅಂಗಡಿಯೊಂದರ ವ್ಯಾನ್ ಓಡಿಸುತ್ತಿದ್ದರು. ಆಳೆತ್ತರದ ಗಾಜುಗಳನ್ನು ಮರದ ಚೌಕಟ್ಟಿಗೆ ಒರಗಿಸಿ, ನಡುವೆ ಗೋಣಿ ತುರುಕಿ, ಊರಿನ ಗುಂಡಿಗಳನ್ನೆಲ್ಲ ದಾಟಿಸಿ ಮನೆಮನೆಗೆ ತಲುಪಿಸುವ ಕೆಲಸ. "ಗಾಜು ಒಡೆಯೋಕೆ ಮುಂಚೆ ಒಂದು ಸಣ್ಣ ಸದ್ದು ಮಾಡುತ್ತೆ ಮೇಡಂ. ಅದು ಕೇಳಿದ ಮೇಲೆ ಬ್ರೇಕ್ ಹಾಕಿ ಏನೂ ಉಪಯೋಗ ಇಲ್ಲ. ಅದಕ್ಕಿಂತ ಮುಂಚೆ ಹಾಕ್ಬೇಕು" ಎಂದು ಒಮ್ಮೆ ಹೇಳಿದ್ದರು. ಶಾಲೆಯ ಬಸ್ಸಿಗೆ ಬಂದ ಮೇಲೂ ಆ ಕಿವಿ ಹಾಗೇ ಇತ್ತು. ಹಿಂದಿನ ಚಕ್ರದ ಮೇಲ್ಗಡೆ, ಸೀಟುಗಳ ಮೇಲಿನ ಹಲಗೆಯಲ್ಲಿ ಮಕ್ಕಳ ಊಟದ ಡಬ್ಬಿಗಳಿರುತ್ತವೆ. ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವೋ, ಅವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಬಸ್ಸಿನ ಸ್ಪೀಡ್ ಮೀಟರ್ ಕೆಟ್ಟು ವರ್ಷವಾಗಿತ್ತು. ಅದರ ಮುಳ್ಳು ಇಪ್ಪತ್ತರಿಂದ ಅರವತ್ತರ ನಡುವೆ ತನಗೆ ಇಷ್ಟ ಬಂದ ಕಡೆ ಕುಣಿಯುತ್ತಿತ್ತು. ರಿಪೇರಿ ಮಾಡಿಸಿ ಎಂದು ನಿಧಾನಣ್ಣ ಮೂರು ಸಲ ಅರ್ಜಿ ಕೊಟ್ಟಿದ್ದರು. ಆಫೀಸಿನವರು ಮೂರನ್ನೂ ಅಚ್ಚುಕಟ್ಟಾಗಿ ಫೈಲಿಗೆ ಸೇರಿಸಿದ್ದರು.

ಅವರ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಒಬ್ಬಳೇ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿ ಮೊದಲ ಬೆಂಚು. ಅಪ್ಪ ಎಷ್ಟು ನಿಧಾನವೋ ಇವಳು ಅಷ್ಟು ಚುರುಕು. ಲೆಕ್ಕದಲ್ಲಿ ಯಾವ ಉತ್ತರವನ್ನೂ ದಶಮಾಂಶದವರೆಗೆ ಎಳೆಯದೆ ಬಿಡುವವಳಲ್ಲ. 'ಸುಮಾರು' ಎನ್ನುವ ಮಾತು ಕಂಡರೆ ಅವಳಿಗೆ ಆಗದು. ಅದಕ್ಕೇ ತರಗತಿಯವರು ಅವಳಿಗೆ ದಶಮಾಂಶ ಎಂದು ಹೆಸರಿಟ್ಟಿದ್ದರು. ತಾವು ಒಂಬತ್ತನೇ ತರಗತಿಯಲ್ಲಿ ವಿಜ್ಞಾನದಲ್ಲೇ ಫೇಲಾಗಿ ಶಾಲೆ ಬಿಟ್ಟವರು ಎನ್ನುವುದನ್ನು ನಿಧಾನಣ್ಣ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಮಗಳ ಮಾರ್ಕ್ಸ್ ಕಾರ್ಡನ್ನು ಮಾತ್ರ ಬಸ್ಸಿನ ಕಾಗದಪತ್ರಗಳ ಜೊತೆ, ಲೈಸೆನ್ಸಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ವೇಗದ ಪಾಠ ನಡೆಯುತ್ತಿತ್ತು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಇದನ್ನು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ, ಪುಸ್ತಕದ ರೈಲುಗಳ ಲೆಕ್ಕವನ್ನೂ ಮಾಡುತ್ತಾರೆ. ಆದರೆ ಪುಸ್ತಕದ ರೈಲು ಯಾವತ್ತೂ ಸಿಗ್ನಲ್‌ನಲ್ಲಿ ನಿಲ್ಲುವುದಿಲ್ಲ, ಡ್ರೈವರ್ ಕೆಮ್ಮುವುದಿಲ್ಲ. ನನಗೆ ಹುರುಪು ಬಂತು. ನಿಜವಾದ ಬಸ್ಸಿನ ವೇಗ ಕಂಡುಹಿಡಿಯಿರಿ ಎಂದು ಒಂದು ಗುಂಪಿಗೆ ಪ್ರಾಜೆಕ್ಟ್ ಕೊಟ್ಟೆ. ಮೂರು ಬಸ್ಸುಗಳಲ್ಲಿ ಮೂರನೆಯದಕ್ಕೆ ಮಾತ್ರ ಲೆಕ್ಕ ಸಾಧ್ಯವಿತ್ತು. ಯಾಕೆಂದರೆ ಆ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಮ್ಮ ಬಲು ಶಿಸ್ತಿನವರು. ಪ್ರತಿದಿನ ಮೊಬೈಲ್ ನೋಡಿ, ನೀರಿನ ಟ್ಯಾಂಕಿನ ಸ್ಟಾಪಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಿಕ್ಕ ಬಸ್ಸಿನವರು ಆ ಗೋಜಿಗೇ ಹೋಗಿರಲಿಲ್ಲ. ಬರೆದಿಟ್ಟವರೇ ಸಿಕ್ಕಿಹಾಕಿಕೊಂಡರು ನೋಡಿ.

ನೀರಿನ ಟ್ಯಾಂಕಿನಿಂದ ಶಾಲೆಯ ಗೇಟಿನವರೆಗೆ ನಡುವೆ ಯಾವ ಸ್ಟಾಪೂ ಇಲ್ಲ. ದೂರವನ್ನು ನಾನೇ ಸ್ಕೂಟರಿನಲ್ಲಿ ಎರಡು ಸಲ ಅಳೆದೆ, ಸರಿಯಾಗಿ ಎಂಟು ಕಿಲೋಮೀಟರ್. ಬಸ್ ಗೇಟು ದಾಟುವ ಹೊತ್ತು ವಾಚ್‌ಮನ್ ತಾತನ ರಿಜಿಸ್ಟರಿನಲ್ಲಿರುತ್ತದೆ. ಮಕ್ಕಳು ಒಂದು ವಾರದ ಸಂಜೆಯ ಹೊತ್ತುಗಳನ್ನು ಎರಡೂ ಕಡೆಯಿಂದ ನಕಲು ಮಾಡಿಕೊಂಡರು. ಮೂರು ಐವತ್ತಾರಕ್ಕೆ ಗೇಟು ಬಿಟ್ಟ ಬಸ್ಸು ನಾಲ್ಕು ಆರಕ್ಕೆ ಟ್ಯಾಂಕಿನ ಹತ್ತಿರ. ಹತ್ತು ನಿಮಿಷ. ಮರುದಿನವೂ ಹತ್ತು. ಆಮೇಲೆ ಹನ್ನೊಂದು, ಒಂಬತ್ತು, ಮತ್ತೆ ಹತ್ತು. ಐದು ದಿನಕ್ಕೆ ಐವತ್ತು ನಿಮಿಷ, ನಲವತ್ತು ಕಿಲೋಮೀಟರ್. ಲೆಕ್ಕ ಮಾಡಿದವಳು ದಶಮಾಂಶವೇ. ಗಂಟೆಗೆ 48.0 ಕಿಲೋಮೀಟರ್. ಆ ಬಿಂದು ಸೊನ್ನೆಯನ್ನೂ ಬಿಟ್ಟಿರಲಿಲ್ಲ ಹುಡುಗಿ.

ಉತ್ತರ ತೋರಿಸಲು ಬಂದಾಗ ಅವಳ ಮುಖ ಸಪ್ಪೆಯಾಗಿತ್ತು. "ಮಿಸ್, ಅಪ್ಪ ಇಷ್ಟು ಫಾಸ್ಟ್ ಹೋಗಲ್ಲ" ಎಂದಳು.

"ಲೆಕ್ಕ ನೋಡಿದೆಯಾ?"

"ಮೂರು ಸಲ ನೋಡಿದೆ ಮಿಸ್."

"ಹಾಗಾದ್ರೆ ಬರಿ. ವಿಜ್ಞಾನದಲ್ಲಿ ಅಪ್ಪ ಅಮ್ಮ ಅಂತ ಇರಲ್ಲ" ಎಂದೆ. ಎಷ್ಟು ಜಂಭದಿಂದ ಹೇಳಿದೆ ಎನ್ನುವುದು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಅವಳು ದುಂಡಗಿನ ಅಕ್ಷರದಲ್ಲಿ ಚಾರ್ಟ್ ಬರೆದಳು. ನಾನು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಗೀಚಿದೆ. ಸೋಮವಾರ ಪೋಷಕರ ಸಭೆ. ಕಾರಿಡಾರಿನ ಗೋಡೆಗೆ ನಾನೇ ಪಿನ್ ಹೊಡೆದೆ.

ಬಸ್ಸಿನೊಳಗೆ ಒಂದು ಬೋರ್ಡಿದೆ, ನಲವತ್ತು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡಿಸುವಂತಿಲ್ಲ ಎಂದು. ನನಗೆ ಅದು ನೆನಪಿಗೇ ಬರಲಿಲ್ಲ. ಪೋಷಕರಿಗೆ ಬಂತು. ಮೊದಲು ಒಬ್ಬ ತಂದೆ ಚಾರ್ಟಿನ ಮುಂದೆ ನಿಂತು ಫೋಟೋ ತೆಗೆದರು. ಆಮೇಲೆ ನಾಲ್ಕು ಜನ ನಿಂತರು. ಅರ್ಧ ಗಂಟೆಯಲ್ಲಿ ಹೆಡ್ ಮೇಡಂ ಕೋಣೆಯ ತುಂಬ ಗಲಾಟೆ. "ನಲವತ್ತೆಂಟು! ಶಾಲೆಯವರೇ ಬರೆದು ಹಾಕಿದ್ದಾರೆ. ನಮ್ಮ ಮಕ್ಕಳ ಜೀವಕ್ಕೆ ಬೆಲೆ ಇಲ್ವಾ?" ಎಂದು ಆ ಮೊದಲ ತಂದೆ ಕೂಗಾಡುತ್ತಿದ್ದರು. ತಪ್ಪೇನಿಲ್ಲ, ನಾನೂ ಅವರ ಜಾಗದಲ್ಲಿದ್ದರೆ ಕೂಗುತ್ತಿದ್ದೆ.

ಮಂಗಳವಾರ ಬೆಳಗ್ಗೆ ಮೂರನೇ ಬಸ್ಸಿಗೆ ಬೇರೆ ಡ್ರೈವರ್ ಬಂದರು. ಶನಿವಾರ ಆಡಳಿತ ಮಂಡಳಿಯ ಸಭೆ, ಅಲ್ಲಿ ತೀರ್ಮಾನ, ಅಲ್ಲಿಯವರೆಗೆ ನಿಧಾನಣ್ಣ ಆಫೀಸಿನಲ್ಲಿ ಕೂತಿರಬೇಕು ಎಂದಾಯಿತು. ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ. ಅತಿವೇಗಕ್ಕೆ ತೆಗೆದುಹಾಕಿದ ಡ್ರೈವರನ್ನು ಬೇರೆ ಯಾವ ಶಾಲೆ ಹತ್ತಿರ ಸೇರಿಸುತ್ತದೆ? ಸಿಬ್ಬಂದಿಯ ಮಗಳು ಎಂದು ದಶಮಾಂಶಕ್ಕೆ ಸಿಕ್ಕಿದ್ದ ಸೀಟೂ ಅದರ ಜೊತೆಗೇ ಹೋಗುತ್ತಿತ್ತು. ನಾನು ಓಡಿಹೋಗಿ ಚಾರ್ಟ್ ಕಿತ್ತುಹಾಕಿದೆ. ಆದರೆ ಅಷ್ಟು ಹೊತ್ತಿಗೆ ಅದು ಊರಿನ ಎಲ್ಲ ಮೊಬೈಲುಗಳಲ್ಲೂ ಇತ್ತು.

ಮೂರು ದಿನ ನಿಧಾನಣ್ಣ ಆಫೀಸಿನ ಗೋಡೆ ಪಕ್ಕದ ಕುರ್ಚಿಯಲ್ಲಿ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಂಜೆ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಹೊಸ ಡ್ರೈವರ್ ಗೇಟಿನ ತಿರುವಿನಲ್ಲಿ ಗೇರ್ ಬದಲಾಯಿಸುವುದನ್ನು ಕೇಳಿ ಮುಖ ಕಿವುಚುತ್ತಿದ್ದರು. ನಾನು ಆ ಕಡೆಯ ಕಾರಿಡಾರನ್ನು ಬಿಟ್ಟು, ಹಿತ್ತಿಲ ಮೆಟ್ಟಿಲಿನಿಂದ ಓಡಾಡುವುದನ್ನು ರೂಢಿಸಿಕೊಂಡೆ. ಮಕ್ಕಳಿಗೆ ಧೈರ್ಯದ ಪಾಠ ಹೇಳುವವಳು!

ಗುರುವಾರ ಮಧ್ಯಾಹ್ನ, ಊಟದ ಬೆಲ್ ಆದ ಮೇಲೆ, ಅವರೇ ಲ್ಯಾಬಿಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಮೇಡಂ, ಒಂದು ಕೆಲಸ ಆಗ್ಬೇಕಿತ್ತು."

"ಹೇಳಿ ಅಣ್ಣ" ಎಂದೆ. ಬೈಯಲು ಬಂದಿದ್ದರೆ ಬೈಯಲಿ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಆ ಲೆಕ್ಕ ನನಗೂ ಹೇಳಿಕೊಡಿ."

ನಾನು ಬೆಪ್ಪಾಗಿ ನೋಡಿದೆ. ಅವರು ಸ್ಟೂಲಿನ ಮೇಲೆ ಕೂತು, ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಬೆಂಚಿನ ಮೇಲಿಟ್ಟರು. ಹೆಡ್ ಮೇಡಂಗೆ ಬರೆದ ಪತ್ರ. ಸಂಜೆ ಹೊತ್ತು ಬೇಗ ಮನೆ ಸೇರುವ ಆತುರದಲ್ಲಿ ನಾನು ವೇಗವಾಗಿ ಓಡಿಸಿದ್ದು ನಿಜ, ಕ್ಷಮಿಸಬೇಕು ಎಂದು ಬರೆದಿತ್ತು. ಸಹಿ ಮಾತ್ರ ಇರಲಿಲ್ಲ.

"ಓಡಿಸಿದ್ರಾ?" ಎಂದೆ.

"ಇಲ್ಲ."

"ಮತ್ತೆ ಇದು ಯಾಕೆ?"

ಅವರು ಕಾಗದದ ಮಡಿಕೆಯನ್ನು ಬೆರಳಿನಿಂದ ಸವರಿ ಸರಿಮಾಡಿದರು. "ನಾನು ಸರಿ ಅಂದ್ರೆ ಅವಳ ಲೆಕ್ಕ ತಪ್ಪು ಅಂತಾಗುತ್ತೆ. ಅವಳ ಲೆಕ್ಕ ಸರಿ ಅಂದ್ರೆ ನಾನು ತಪ್ಪು. ಇಬ್ಬರಲ್ಲಿ ಒಬ್ಬರು ತಪ್ಪಾಗಲೇಬೇಕಲ್ಲ ಮೇಡಂ? ನಾನೇ ಆಗ್ತೀನಿ ಅಂದ್ಕೊಂಡೆ. ಮೊನ್ನೆ ಮನೇಲೂ ಹೇಳ್ದೆ, ನಾನೇ ಸ್ವಲ್ಪ ಒತ್ತಿಬಿಟ್ಟಿರ್ತೀನಿ ಮಗಳೇ ಅಂತ. ಅವಳು ತಟ್ಟೆ ಬಿಟ್ಟು ಎದ್ದು, ಅಪ್ಪ, ಸುಳ್ಳು ಹೇಳ್ಬೇಡ ಅಂತ ಕೂಗಿದ್ಲು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಅದಕ್ಕೇ ಸಹಿ ಹಾಕೋಕೆ ಮುಂಚೆ, ಆ ಲೆಕ್ಕ ಏನು ಅಂತ ಒಂದ್ಸಲ ತಿಳ್ಕೊಳ್ಳೋಣ ಅಂತ ಬಂದೆ."

ನಾನು ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹುಡುಕಿದೆ.

ಪಾಠ ಶುರುವಾಯಿತು. ಹತ್ತು ನಿಮಿಷಕ್ಕೆ ಎಂಟು ಕಿಲೋಮೀಟರ್ ಎಂದು ಬರೆದು, ಗಂಟೆಗೆ ನಲವತ್ತೆಂಟು ಎಂದೆ. ಅವರು ಕೈ ಎತ್ತಿದರು. ನಿಜವಾಗಿಯೂ ಕೈ ಎತ್ತಿದರು, ಮಕ್ಕಳು ಎತ್ತುವ ಹಾಗೆ.

"ನಾನು ಒಂದು ಗಂಟೆ ಓಡಿಸಿಲ್ವಲ್ಲ ಮೇಡಂ. ಹತ್ತೇ ನಿಮಿಷ. ಗಂಟೆ ಲೆಕ್ಕ ಯಾಕೆ ಬಂತು? ನಾನು ಫೇಲಾಗಿದ್ದೇ ಇಲ್ಲಿ. ಆವಾಗ ಕೇಳಿದ್ದಕ್ಕೆ ಮೇಷ್ಟ್ರು ತಲೆ ಮೇಲೆ ಮೊಟಕಿದ್ರು."

ಆ ಮೇಷ್ಟ್ರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಷ್ಟು ಒಳ್ಳೆಯ ಪ್ರಶ್ನೆ! ನನ್ನ ತರಗತಿಯ ನಲವತ್ತು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. "ಹತ್ತು ನಿಮಿಷ ಹೇಗೆ ಹೋದ್ರೋ ಹಾಗೇ ನಿಲ್ಲಿಸದೆ ಹೋಗ್ತಾ ಇದ್ರೆ, ಒಂದು ಗಂಟೆಗೆ ಎಲ್ಲಿರ್ತಿದ್ರಿ ಅಂತ ಕೇಳೋದು ಅಷ್ಟೆ. ಗಂಟೇಲಿ ಎಷ್ಟು ಹತ್ತು ನಿಮಿಷ ಇದೆ?"

"ಆರು."

"ಒಂದೊಂದು ಹತ್ತಕ್ಕೂ ಎಂಟು ಕಿಲೋಮೀಟರ್."

"ಆರೆಂಟ್ಲ ನಲವತ್ತೆಂಟು." ಅವರು ಬಾಯಿ ತೆರೆದು ಬೋರ್ಡನ್ನೇ ನೋಡಿದರು. "ಇಷ್ಟೇನಾ? ಇಷ್ಟಕ್ಕೇ ನಾನು ಶಾಲೆ ಬಿಟ್ಟೆನಾ?"

ಇಬ್ಬರೂ ನಕ್ಕೆವು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅರ್ಥವಾದ ಕೂಡಲೇ ಅವರ ತಲೆ ಓಡತೊಡಗಿತು, ಓಡಿದಷ್ಟೂ ಗಂಡಾಂತರ ಹೆಚ್ಚಾಯಿತು. "ಸೇತುವೆ ಹತ್ತಿರ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಲ್ತೀನಿ. ಆವಾಗ ನನ್ನ ವೇಗ ಎಷ್ಟು?"

"ಸೊನ್ನೆ."

"ಹಾಗಾದ್ರೆ ಎಂಟು ಕಿಲೋಮೀಟರ್ ಹೋಗಿದ್ದು ಎಂಟೇ ನಿಮಿಷದಲ್ಲಿ. ನಿಮಿಷಕ್ಕೆ ಒಂದು. ಗಂಟೆಗೆ ಅರವತ್ತು!" ಅವರ ಮುಖ ಬಿಳಿಚಿಕೊಂಡಿತು. "ಅರವತ್ತಾ ಮೇಡಂ? ಶಾಲೆ ಬಸ್ಸಲ್ಲಾ?"

ಸರಾಸರಿ ವೇಗ ಬೇರೆ, ಆ ಕ್ಷಣದ ವೇಗ ಬೇರೆ ಎನ್ನುವುದನ್ನು ಮಕ್ಕಳಿಗೆ ತಿಳಿಸಲು ನನಗೆ ಎರಡು ಪೀರಿಯಡ್ ಬೇಕಾಗುತ್ತದೆ. ಇವರು ಎರಡು ನಿಮಿಷದಲ್ಲಿ ತಾವೇ ಕಂಡುಕೊಂಡು, ತಮ್ಮ ಮೇಲೆ ಇನ್ನೂ ದೊಡ್ಡ ಆರೋಪವನ್ನು ತಾವೇ ಹೊರಿಸಿಕೊಂಡು ಕೂತಿದ್ದರು. ಮಾತು ಮರೆಸಲು, "ಬೆಳಗಿನದನ್ನ ನೀವೇ ಮಾಡಿ ನೋಡೋಣ" ಎಂದು ಆಯಮ್ಮನ ಪುಸ್ತಕವನ್ನೂ ಗೇಟಿನ ರಿಜಿಸ್ಟರನ್ನೂ ಮುಂದಿಟ್ಟೆ. ಮಂಡಳಿಯ ಸಭೆಗೆ ಬೇಕೆಂದು ಎರಡೂ ನನ್ನ ಮೇಜಿನ ಮೇಲೇ ಇದ್ದವು.

ಅವರು ಬೆರಳಿಟ್ಟು ಓದಿದರು. ಟ್ಯಾಂಕ್ ಬಿಟ್ಟದ್ದು ಎಂಟು ನಾಲ್ಕು. ಗೇಟಿಗೆ ಬಂದದ್ದು ಎಂಟು ಇಪ್ಪತ್ತಾರು. ಇಪ್ಪತ್ತೆರಡು ನಿಮಿಷ. ಕಾಗದದ ಮೇಲೆ ಎಂಟನ್ನು ಅರವತ್ತರಿಂದ ಗುಣಿಸಿ, ಇಪ್ಪತ್ತೆರಡರಿಂದ ಭಾಗಿಸಲು ಕಾಲು ಗಂಟೆ ಹಿಡಿಯಿತು. ನಾನು ತುಟಿ ಬಿಗಿಹಿಡಿದು ಕೂತೆ. ನನ್ನ ಜೀವನದ ದೊಡ್ಡ ತಪಸ್ಸು ಅದು. ಉತ್ತರ ಬಂತು. ಇಪ್ಪತ್ತೊಂದು ಬಿಂದು ಎಂಟು. ಅಂದರೆ ಹೆಚ್ಚುಕಡಿಮೆ ಇಪ್ಪತ್ತೆರಡು.

ನನಗೆ ಸ್ವಲ್ಪ ಆಸೆ ಹುಟ್ಟಿತು. "ನೋಡಿದ್ರಾ ಅಣ್ಣ, ಬೆಳಗ್ಗೆ ಬರೀ ಇಪ್ಪತ್ತೆರಡು! ಇದನ್ನ ಶನಿವಾರ ತೋರಿಸೋಣ. ನಲವತ್ತೆಂಟು, ಇಪ್ಪತ್ತೆರಡು, ಎರಡೂ ಕೂಡಿಸಿ ಅರ್ಧ ಮಾಡಿದ್ರೆ ಮೂವತ್ತೈದು. ನಲವತ್ತರ ಒಳಗೇ ಬಂತು." ವೇಗಗಳನ್ನು ಹಾಗೆ ಕೂಡಿಸಿ ಅರ್ಧ ಮಾಡುವಂತಿಲ್ಲ. ಯಾವ ಮಗುವಾದರೂ ಹಾಗೆ ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಆದರೆ ಮುಳುಗುವವಳಿಗೆ ಶಾಯಿಯ ಬಣ್ಣ ಯಾಕೆ?

ನಿಧಾನಣ್ಣನ ಮುಖ ಅರಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ಹದಿನಾಲ್ಕು ವರ್ಷದಲ್ಲಿ ನಾನು ಮೊದಲ ಸಲ ನೋಡಿದ ಸಿಟ್ಟು.

"ಇಪ್ಪತ್ತೆರಡಾ? ಯಾರು ಹೇಳಿದ್ದು? ಮೇಡಂ, ನನ್ನ ಹೆಸರು ನಿಧಾನಣ್ಣ ಇರಬಹುದು, ಹಾಗಂತ ಮಕ್ಕಳನ್ನ ತೆವಳಿಸ್ಕೊಂಡು ಬರಲ್ಲ. ಸೇತುವೆ ಆದ್ಮೇಲೆ ದಾರಿ ಖಾಲಿ, ಅಲ್ಲಿ ಇಪ್ಪತ್ತೆರಡರಲ್ಲಿ ಹೋದ್ರೆ ಹಿಂದಿನವರು ಹಾರನ್ ಹೊಡೆದು ಹೊಡೆದು ಪ್ರಾಣ ತೆಗೀತಾರೆ. ಇದು ಸುಳ್ಳು. ಇದನ್ನ ಯಾರಿಗೂ ತೋರಿಸ್ಬೇಡಿ."

"ಅಣ್ಣ, ಇದು ನಿಮಗೆ ಒಳ್ಳೇದಲ್ವಾ?"

"ಒಳ್ಳೇದಿದ್ರೂ ಸುಳ್ಳೇ. ಅದೂ ಸುಳ್ಳು, ಇದೂ ಸುಳ್ಳು."

ಅದೂ ಸುಳ್ಳು, ಇದೂ ಸುಳ್ಳು. ನಾನು ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತೆ. ಸಂಜೆಯದು ತೀರ ಹೆಚ್ಚು, ಬೆಳಗಿನದು ತೀರ ಕಡಿಮೆ. ಅದೇ ದಾರಿ, ಅದೇ ಬಸ್ಸು, ಅದೇ ಕಾಲು. ಸಂಜೆ ಗೇಟಿನ ಹೊತ್ತು ಮೊದಲು ಬರುತ್ತದೆ, ಬೆಳಗ್ಗೆ ಕೊನೆಗೆ ಬರುತ್ತದೆ. ಗೇಟಿನ ಹೊತ್ತು ಒಂದಿಷ್ಟು ಮುಂದಿದ್ದರೆ? ಆಗ ಸಂಜೆಯ ಪಯಣದಿಂದ ಅಷ್ಟು ನಿಮಿಷ ಕಳೆದುಹೋಗುತ್ತದೆ, ಬೆಳಗಿನ ಪಯಣಕ್ಕೆ ಅಷ್ಟೇ ನಿಮಿಷ ಸೇರಿಕೊಳ್ಳುತ್ತದೆ.

"ಅಯ್ಯೋ ನನ್ನ ಹಾಳು ತಲೆಯೇ!" ಎಂದು ನಾನು ಕೂಗಿದ್ದಕ್ಕೆ ನಿಧಾನಣ್ಣ ಸ್ಟೂಲಿನಿಂದ ಎದ್ದೇಬಿಟ್ಟರು. "ಗೇಟಿನ ಗಡಿಯಾರ! ಅದು ಆರು ನಿಮಿಷ ಮುಂದಿದೆಯಲ್ಲ!"

ಈ ಶಾಲೆಯಲ್ಲಿ ಇರುವೆಗೂ ಗೊತ್ತಿರುವ ವಿಷಯ ಅದು. ತಡವಾಗಿ ಬರುವ ಮಕ್ಕಳು ಗಡಿಯಾರ ನೋಡಿ ಹೆದರಿ ಓಡಲಿ ಎಂದು ವಾಚ್‌ಮನ್ ತಾತ ಎಷ್ಟೋ ವರ್ಷದಿಂದ ತಮ್ಮ ಗೂಡಿನ ಗಡಿಯಾರವನ್ನು ಆರು ನಿಮಿಷ ಮುಂದಕ್ಕಿಟ್ಟಿದ್ದಾರೆ. ಬ್ಯಾಟರಿ ಬದಲಿಸಿದರೂ ಜ್ಞಾಪಕದಿಂದ ಮತ್ತೆ ಆರೇ ನಿಮಿಷ ಮುಂದಿಡುತ್ತಾರೆ. ನಾವೆಲ್ಲ ಒಳಗೆ ಬರುವಾಗ ಕಣ್ಣು ಎಂಟು ನಲವತ್ತು ಎಂದು ಓದುತ್ತದೆ, ತಲೆ ಎಂಟು ಮೂವತ್ತನಾಲ್ಕು ಎಂದುಕೊಳ್ಳುತ್ತದೆ, ಕಾಲು ಅದಕ್ಕೆ ತಕ್ಕ ಹಾಗೆ ನಡೆಯುತ್ತದೆ. ಎಷ್ಟು ಅಭ್ಯಾಸವಾಗಿದೆಯೆಂದರೆ ಕಳೆಯುತ್ತಿದ್ದೇವೆ ಎನ್ನುವುದೂ ಗೊತ್ತಾಗುವುದಿಲ್ಲ. ತಾತ ರಿಜಿಸ್ಟರಿನಲ್ಲಿ ಬರೆಯುವುದು ಅದೇ ಗಡಿಯಾರ ನೋಡಿ. ಮಕ್ಕಳು ಅದನ್ನು ಇದ್ದ ಹಾಗೇ ನಕಲು ಮಾಡಿಕೊಂಡರು. ಹದಿನಾಲ್ಕು ವರ್ಷ ದಿನಾ ಆರು ನಿಮಿಷ ಕಳೆದು ಒಳಗೆ ಬಂದ ನಾನು, ಅದೇ ಅಂಕಿಗಳ ಕೆಳಗೆ 'ಉತ್ತಮ' ಎಂದು ಬರೆದೆ.

ಇಬ್ಬರೂ ಗೇಟಿಗೆ ಹೋದೆವು. ನಿಧಾನಣ್ಣ ಓಡಿದರು ಎಂದು ಬರೆದರೆ ಯಾರೂ ನಂಬುವುದಿಲ್ಲ, ಆದರೆ ಓಡಿದರು. ಆಯಮ್ಮನನ್ನೂ ಕರೆದೆವು. ಅವರ ಮೊಬೈಲಿನಲ್ಲಿ ಒಂದು ಗಂಟೆ ಒಂಬತ್ತು ನಿಮಿಷ. ತಾತನ ಗೋಡೆಯ ಮೇಲೆ ಒಂದು ಗಂಟೆ ಹದಿನೈದು.

ಲ್ಯಾಬಿಗೆ ಬಂದು ನಿಧಾನಣ್ಣನೇ ಲೆಕ್ಕ ತಿದ್ದಿದರು. ಸಂಜೆ ಹತ್ತಕ್ಕೆ ಆರು ಸೇರಿಸಿದರೆ ಹದಿನಾರು. ಬೆಳಗಿನ ಇಪ್ಪತ್ತೆರಡರಲ್ಲಿ ಆರು ಕಳೆದರೆ ಹದಿನಾರು. ಎರಡೂ ಹದಿನಾರು! ಎಂಟು ಕಿಲೋಮೀಟರಿಗೆ ಹದಿನಾರು ನಿಮಿಷ, ಕಿಲೋಮೀಟರಿಗೆ ಎರಡು ನಿಮಿಷ, ಗಂಟೆಗೆ ಮೂವತ್ತು. ಗಡಿಯಾರದ ಸುದ್ದಿಗೇ ಹೋಗದೆ, ಹೋಗಿಬರುವ ದೂರ ಹದಿನಾರು ಕಿಲೋಮೀಟರನ್ನು ಹೋಗಿಬರುವ ಹೊತ್ತು ಮೂವತ್ತೆರಡು ನಿಮಿಷದಿಂದ ಭಾಗಿಸಿದ್ದರೂ ಇದೇ ಮೂವತ್ತು ಬರುತ್ತಿತ್ತು. ಒಂದು ಕಡೆ ಕದ್ದ ಆರು ನಿಮಿಷವನ್ನು ಇನ್ನೊಂದು ಕಡೆ ಗಡಿಯಾರವೇ ವಾಪಸ್ ಕೊಟ್ಟಿತ್ತು. ನಾವು ಸಂಜೆಯದನ್ನು ಮಾತ್ರ ನೋಡಿದ್ದೆವು.

"ಸರಾಸರಿ ಮೂವತ್ತು" ಎಂದು ನಿಧಾನಣ್ಣ ಮೆಲ್ಲಗೆ ಹೇಳಿದರು. "ಹೌದು, ಇದು ನಾನೇ." ಆಮೇಲೆ ತಟಕ್ಕನೆ ತಲೆ ಎತ್ತಿದರು. "ಹಾಗಾದ್ರೆ ಅವಳ ಭಾಗಾಕಾರ?"

"ಭಾಗಾಕಾರ ಸರಿಯಾಗೇ ಇತ್ತು ಅಣ್ಣ. ಬಿಂದು ಸೊನ್ನೆ ಸಮೇತ ಸರಿಯಾಗಿತ್ತು. ನಾವು ಅವಳ ಕೈಗೆ ಕೊಟ್ಟ ಹೊತ್ತು ತಪ್ಪು."

ಅವರು ಕಿಟಕಿಯ ಕಡೆ ತಿರುಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಬೆಂಚಿನ ಮೇಲಿದ್ದ ಕ್ಷಮಾಪಣೆಯ ಪತ್ರವನ್ನು ನಾನು ಹರಿದೆ, ಎಂಟು ಚೂರು ಮಾಡಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಎನ್ನುತ್ತಾರಲ್ಲ, ಆ ಮಾತಿನ ತೂಕ ನನಗೆ ಅವತ್ತು ಗೊತ್ತಾಯಿತು.

ಊಟದ ಬಿಡುವು ಮುಗಿಯಲು ಐದು ನಿಮಿಷವಿತ್ತು. ದಶಮಾಂಶವನ್ನು ಕರೆಸಿದೆ. ಬಾಗಿಲಲ್ಲಿ ಅಪ್ಪನನ್ನು ನೋಡಿ ಅವಳು ಅಲ್ಲೇ ನಿಂತುಬಿಟ್ಟಳು. ಬೋರ್ಡಿನ ಮೇಲೆ ಅವಳಪ್ಪನ ದೊಡ್ಡ ದೊಡ್ಡ ಅಂಕಿಗಳಿದ್ದವು. ಅವಳು ಮೇಲಿಂದ ಕೆಳಗೆ ಓದಿದಳು. ಕೊನೆಯ ಸಾಲಿಗೆ ಬಂದು, ಮತ್ತೆ ಮೊದಲಿಂದ ಓದಿದಳು.

"ಇದು ಯಾರು ಮಾಡಿದ್ದು ಮಿಸ್?"

"ನಾನೇ ಮಾಡ್ದೆ ಮಗಳೇ" ಎಂದರು ನಿಧಾನಣ್ಣ. "ಸ್ವಲ್ಪ ಹೊತ್ತು ಹಿಡೀತು."

ಅವಳು ಓಡಿಬಂದು ಅಪ್ಪನ ಹೊಟ್ಟೆಗೆ ಮುಖ ಒತ್ತಿ ಗೊಳೋ ಎಂದು ಅತ್ತಳು. "ಇನ್ನೊಂದ್ಸಲ ನನಗೋಸ್ಕರ ಸುಳ್ಳು ಹೇಳಿದ್ರೆ ನೋಡು" ಎಂದು ಅಳುತ್ತಲೇ ಬೈದಳು. ಬೈಸಿಕೊಳ್ಳುತ್ತಿದ್ದ ಆ ಮನುಷ್ಯನಷ್ಟು ಸುಖಿಯಾದವರನ್ನು ನಾನು ಈವರೆಗೆ ಕಂಡಿಲ್ಲ.

ಶನಿವಾರದ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಹತ್ತು ನಿಮಿಷ ತಪ್ಪು ಯಾರದು ಎಂಬ ಜಗಳ, ಅದೂ ತಿರುಗುಮುರುಗಾದ ಜಗಳ. ತಪ್ಪು ನನ್ನದು, ನೋಡದೆ 'ಉತ್ತಮ' ಎಂದು ಬರೆದೆ ಎಂದು ನಾನು ಹೇಳಿದೆ. "ಗಡಿಯಾರ ನಂದು, ತಪ್ಪು ನಂದು" ಎಂದು ವಾಚ್‌ಮನ್ ತಾತ ಎದ್ದು ನಿಂತರು. "ಇಬ್ಬರೂ ಸುಮ್ನಿರಿ, ಎರಡು ಹೊತ್ತನ್ನೂ ಒಟ್ಟಿಗೆ ಇಟ್ಟು ನೋಡ್ಬೇಕಾಗಿದ್ದು ನಾನು" ಎಂದು ಆಯಮ್ಮ. ಕೂಗಾಡಿದ್ದ ಆ ತಂದೆಯೂ ಬಂದಿದ್ದರು. ಅಂಕಿಗಳನ್ನು ತಮ್ಮ ಮೊಬೈಲಿನಲ್ಲೇ ಎರಡು ಸಲ ಕುಟ್ಟಿ ನೋಡಿ, ಎದ್ದುಹೋಗಿ ನಿಧಾನಣ್ಣನ ಕೈ ಹಿಡಿದುಕೊಂಡರು. "ದಯವಿಟ್ಟು ತಪ್ಪು ತಿಳ್ಕೋಬೇಡಿ. ಮಕ್ಕಳ ವಿಷಯ ನೋಡಿ" ಎಂದರು. ನಿಧಾನಣ್ಣ, "ಕೇಳ್ಬೇಕು ಸಾರ್. ಕೇಳದೇ ಇದ್ರೆ ತಪ್ಪು" ಎಂದರು. ಹೆಡ್ ಮೇಡಂ ಬಸ್ಸಿನ ಬೀಗದ ಕೈಯನ್ನು ಮೇಜಿನ ಡ್ರಾಯರಿನಿಂದ ತೆಗೆದು ಅವರ ಮುಂದಿಟ್ಟರು, ಸ್ಪೀಡ್ ಮೀಟರಿನ ರಿಪೇರಿಗೆ ಅಲ್ಲೇ ಸಹಿ ಹಾಕಿದರು. ಗಡಿಯಾರವನ್ನು ಸರಿಮಾಡಬೇಕೆಂದು ತೀರ್ಮಾನವಾಯಿತು. ಇನ್ನು ಮಕ್ಕಳು ಬೆಲ್ಲಿನೊಳಗೆ ಹೇಗೆ ಬರುತ್ತಾರೋ ನೋಡುತ್ತೇನೆ ಎಂದು ತಾತ ಗೊಣಗಿಕೊಂಡು ಹೋದರು.

ಹಾಗೆಂದು ನಾನು ಅಷ್ಟಕ್ಕೆ ಬಿಡುವವಳಲ್ಲ. ಗೋಡೆಗೆ ಹೊಸ ಚಾರ್ಟ್ ಹಾಕಬೇಕು, ಈ ಸಲ ಎರಡು ಗಡಿಯಾರಗಳ ಹಂಗು ಬೇಡ, ಒಂದೇ ಸ್ಟಾಪ್‌ವಾಚ್ ಸಾಕು ಎಂದು ಹಟ ಹಿಡಿದೆ. ಸೋಮವಾರ ಸಂಜೆ ನಾನೂ ಆ ಗುಂಪಿನ ಐದು ಮಕ್ಕಳೂ ಮೂರನೇ ಬಸ್ಸು ಹತ್ತಿದೆವು. ಲ್ಯಾಬಿನ ಸ್ಟಾಪ್‌ವಾಚನ್ನು ದಶಮಾಂಶದ ಕೈಗೆ ಕೊಟ್ಟು, ಗೇಟಿನಲ್ಲಿ ಒತ್ತು, ಟ್ಯಾಂಕಿನಲ್ಲಿ ನಿಲ್ಲಿಸು ಎಂದು ಹೇಳಿದೆ. ಅವಳು ಅಪ್ಪನ ಹಿಂದಿನ ಸೀಟಿನಲ್ಲಿ ಕೂತಳು.

ಬಸ್ಸು ಹೊರಟಿತು. ನಿಧಾನಣ್ಣ ವಾರದ ಮೇಲೆ ಸ್ಟಿಯರಿಂಗ್ ಹಿಡಿದಿದ್ದರು. ಅಂಗಡಿಗಳ ಸಾಲು, ಸೇತುವೆ, ಕೆಂಪು ಸಿಗ್ನಲ್. ಹಿಂದಿನಿಂದ ಮಕ್ಕಳು ಹಾಡುತ್ತಿದ್ದರು. ಆಯಮ್ಮ ಅವರಿಗೆ ಗದರುವುದನ್ನು ಮರೆತು ತಾವೂ ಗುನುಗುತ್ತಿದ್ದರು. ದಶಮಾಂಶ ಸೀಟಿನಿಂದ ಮುಂದಕ್ಕೆ ಬಾಗಿ ಅಪ್ಪನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು, ಅವರು ದಾರಿಯ ಮೇಲಿನ ಕಣ್ಣು ತೆಗೆಯದೆ ನಗುತ್ತಿದ್ದರು. ಮಧ್ಯೆ ಎಲ್ಲೋ ಅವಳ ತಲೆ ಕಿಟಕಿಯ ಸರಳಿಗೆ ಒರಗಿತು. ಹೋದ ವಾರವೆಲ್ಲ ಸರಿಯಾಗಿ ನಿದ್ದೆ ಕಾಣದ ಹುಡುಗಿ, ಟ್ಯಾಂಕ್ ಬರುವ ಹೊತ್ತಿಗೆ ಸೊಗಸಾಗಿ ನಿದ್ದೆ ಹೋಗಿದ್ದಳು.

"ಎಷ್ಟಾಯ್ತು?" ಎಂದು ನಾನು ಭುಜ ಅಲುಗಿಸಿದಾಗ ಧಡಕ್ಕನೆ ಎದ್ದು ಕೈ ನೋಡಿಕೊಂಡಳು. ಸ್ಟಾಪ್‌ವಾಚಿನಲ್ಲಿ ಸೊನ್ನೆ. ಗೇಟಿನಲ್ಲಿ ಒತ್ತಿರಲೇ ಇಲ್ಲ.

"ಮರ್ತೇಹೋಯ್ತು ಮಿಸ್" ಎಂದಳು. ನಾಚಿಕೆಯಿಂದ ಅವಳ ಕಿವಿಯೆಲ್ಲ ಕೆಂಪಾಗಿತ್ತು.

ಇಡೀ ಪ್ರಯೋಗ ಹಾಳು. ನನ್ನ ಸ್ವಭಾವಕ್ಕೆ ಬೈಯಬೇಕಿತ್ತು, ಬೈಯಲು ಬಾಯನ್ನೂ ತೆರೆದಿದ್ದೆ. ಅಷ್ಟರಲ್ಲಿ ನಿಧಾನಣ್ಣ ಹ್ಯಾಂಡ್‌ಬ್ರೇಕ್ ಎಳೆದು, ನಿಧಾನವಾಗಿ ಹಿಂದಕ್ಕೆ ತಿರುಗಿದರು.

"ಹೋಗ್ಲಿ ಬಿಡಿ ಮೇಡಂ, ನಾಳೆ ನೋಡೋಣ" ಎಂದರು. "ನಾಳೇನೂ ಇದೇ ಬಸ್ಸು, ನಾನೇ ಡ್ರೈವರು."